ಅಜ್ಜನ ಕೋವಿ ಯಾರ ಹೆಸರಿಗೆ?

ಗುಂಪು: ಮೇಲಿನಮನೆ ಕುಟುಂಬ, ಹಾನುಬಾಳು

ಸತೀಶ, ಬೆಳಿಗ್ಗೆ 6:42
ಫಾರ್ವರ್ಡ್: ಮನೆ ಕಾಯಲಿಕ್ಕೂ ಹವ್ಯಾಸಕ್ಕೂ ಒಂದೇ ಶಾಟ್‌ಗನ್! ಪ್ರತಿಯೊಬ್ಬ ತೋಟದವರೂ ಓದಲೇಬೇಕು. 12 ಬೋರಿನ ಪಂಪ್ ಆಕ್ಷನ್ (ಪ್ರತಿ ಸಲ ಮುಂದಿನ ಹಿಡಿ ಹಿಂದಕ್ಕೆಳೆದು ಹೊಡೆಯುವಂಥದ್ದು), 18 ಇಂಚಿನ ನಳಿಗೆ. ಗುರಿ ಹಿಡಿಯುವ ಅಗತ್ಯವೇ ಇಲ್ಲ, ಗುಂಡು ರೂಮಿನ ತುಂಬಾ ಹರಡುತ್ತದೆ. ಪಂಪ್ ಎಳೆದ ಸದ್ದಿಗೇ ಕಳ್ಳ ಪರಾರಿ. ರಜೆ ದಿನ ಅದೇ ಕೋವಿಯಲ್ಲಿ ಕ್ಲೇ, ಅಂದರೆ ಗಾಳಿಗೆ ಹಾರಿಸುವ ಬಿಲ್ಲೆ, ಹೊಡೆಯಬಹುದು. ಎಲ್ಲ ಗುಂಪುಗಳಿಗೂ ಕಳಿಸಿ. ಹತ್ತಿರದ ಅಂಗಡಿಗೆ ಹೋಗಿ, ಫಾರಂ 4473 ತುಂಬಿ, ಮನೆಗೆ ತನ್ನಿ.

ಸತೀಶ, 6:43
ಪಕ್ಕದ ತೋಟದ ಕಣದಿಂದ ಕಾಫಿ ಮೂಟೆ ಹೊತ್ಕೊಂಡು ಹೋಗವ್ರೆ. ರೇಟು ಏರಿದ ಮೇಲೆ ರಾತ್ರಿ ನಿದ್ದೆ ಇಲ್ಲ. ನಾವೂ ಒಂದು ತಗೋಳ್ಳೇಬೇಕು.

ಲತಾ, 6:50
ರಾತ್ರಿ ಕಣಕ್ಕೆ ಟಾರ್ಚ್ ಹಿಡ್ಕೊಂಡು ಹೋಗೋದು ನಾನು. ಇವರು ಫಾರ್ವರ್ಡ್ ಮಾಡ್ತಾರೆ.

ಪವಿತ್ರ, 7:15
ಚಿಕ್ಕಪ್ಪ, ಇದನ್ನ ಬರೆದವರು ಯಾರು? ಎಲ್ಲಿಂದ ಬಂತು?

ಸತೀಶ, 7:16
ಬೆಳೆಗಾರರ ಗುಂಪಿಂದ ಬಂತು ಕಣವ್ವ. ತಿಳಿದವರೇ ಹಾಕಿರೋದು.

ಪವಿತ್ರ, 7:21
ಕೊನೇ ಸಾಲು ಓದಿದ್ರಾ? ‘ಹತ್ತಿರದ ಅಂಗಡಿಗೆ ಹೋಗಿ, ಫಾರಂ 4473 ತುಂಬಿ, ಮನೆಗೆ ತನ್ನಿ’ ಅಂತಿದೆ. ಅದು ಅಮೆರಿಕದಲ್ಲಿ ಕೋವಿ ಕೊಳ್ಳೋವಾಗ ತುಂಬೋ ಫಾರಂ. ಸಕಲೇಶಪುರದಲ್ಲಿ ಯಾವ ಅಂಗಡೀಲೂ ಅದು ಸಿಗಲ್ಲ.

ಕಾರ್ತಿಕ್, 7:30
ಡಲ್ಲಾಸ್‌ನಲ್ಲಿ ಕೂತ ನನಗೂ ಅದು ಸುಲಭ ಇಲ್ಲ ಚಿಕ್ಕಪ್ಪ. 18 ತುಂಬಿದ ಇಲ್ಲಿನವರು ಅಂಗಡೀಲಿ ಶಾಟ್‌ಗನ್ ತಗೋಬಹುದು. ನನ್ನ ಹಾಗೆ ಎಚ್‌ಒನ್‌ಬಿ ವೀಸಾದವರು ತಗೋಬೇಕಾದ್ರೆ ಬೇಟೆ ಲೈಸೆನ್ಸೋ ಅಂಥದ್ದೇ ಬೇರೆ ವಿನಾಯಿತಿಯೋ ಬೇಕು.

ನಂಜೇಗೌಡ, 7:48
ಎಲ್ಲರಿಗೂ ಶುಭೋದಯ. ಕೋವಿ ಮನೆಗೆ ಬಂದರೆ ಕೋಪವೂ ಜೊತೆಗೇ ಬರುತ್ತದೆ. ನಮ್ಮ ತಂದೆ ಕೋವಿ ಇಟ್ಟುಕೊಂಡಿದ್ದರೂ ಒಂದು ದಿನವೂ ಮನುಷ್ಯನ ಕಡೆಗೆ ತಿರುಗಿಸಿದವರಲ್ಲ. ಈಗಿನವರಿಗೆ ಆ ತಾಳ್ಮೆ ಇಲ್ಲ. ಒಳ್ಳೆಯ ಬೇಲಿ, ಎರಡು ನಾಯಿ, ನೆರೆಹೊರೆಯವರ ಜೊತೆ ವಿಶ್ವಾಸ, ಇಷ್ಟು ಸಾಕು.

ಸತೀಶ, 7:52
ಹಾಸನದ ಮನೇಲಿ ಗೇಟು ಹಾಕ್ಕೊಂಡು ಮಲಗೋರು ಹಿಂಗೇ ಹೇಳೋದು. ಎರಡು ನಾಯೀಲಿ ಒಂದನ್ನ ಚಿರತೆ ಹೊತ್ಕೊಂಡು ಹೋಯ್ತು ಅಣ್ಣ, ನಿಮಗೆ ಹೇಳಿದ್ದೆ.

ರಘು, 8:05
ಅಪ್ಪಾಜಿ, ನಾನು ರೇಂಜಲ್ಲಿ ಕ್ಲೇ ಹೊಡೀತೀನಿ ಅನ್ನೋದು ನಿಮಗೆ ಗೊತ್ತು. ಕಳಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಗುರಿ ಬೇಡ ಅನ್ನೋದು ಶುದ್ಧ ಸುಳ್ಳು. ಗುಂಡು ಹರಡೋದಕ್ಕೆ ದೂರ ಬೇಕು. ನಮ್ಮ ನಡುಮನೆ ಬಾಗಿಲಿಂದ ಅಡುಗೆಮನೆ ಬಾಗಿಲಿಗೆ ಎಷ್ಟು ದೂರ? ಅಷ್ಟರಲ್ಲಿ ಗುಂಡೆಲ್ಲ ಅಂಗೈಯಗಲ ಜಾಗಕ್ಕೇ ಹೋಗಿ ಬೀಳುತ್ತೆ. ಗುರಿ ತಪ್ಪಿದ್ರೆ ಪೂರ್ತಿ ತಪ್ಪುತ್ತೆ. ತಪ್ಪಿದ್ದು ಎಲ್ಲಿಗೆ ಹೋಗುತ್ತೆ? ಹಲಗೆ ಗೋಡೆ ತೂತು ಮಾಡ್ಕೊಂಡು ಅಮ್ಮ ಮಲಗೋ ಕೋಣೆಗೆ.

ಲತಾ, 8:07
ಅದನ್ನ ಕೇಳಿಸ್ಕೊಳ್ಳಿ ಸ್ವಲ್ಪ.

ರಘು, 8:16
ಇನ್ನೊಂದು. ಎರಡು ಕೆಲಸಕ್ಕೂ ಒಂದೇ ಕೋವಿ ಅನ್ನೋದನ್ನ ನಾನು ಒಪ್ಪಲ್ಲ. ಕ್ಲೇಗೆ 28, 30 ಇಂಚಿನ ಉದ್ದ ನಳಿಗೆ, ಎರಡನ್ನ ಮೇಲೆ-ಕೆಳಗೆ ಜೋಡಿಸಿರೋದು. ಹಾರೋ ಬಿಲ್ಲೆ ಹಿಂದೆ ಕೋವಿ ಒಂದೇ ಸಮನೆ ತಿರುಗಬೇಕು, ಉದ್ದ ಇದ್ರೇನೇ ಅದು ಸಾಧ್ಯ. ನಳಿಗೆಯ ತುದಿ ಎಷ್ಟು ಕಿರಿದಾಗಿದೆ ಅನ್ನೋದರ ಮೇಲೆ ಗುಂಡು ಎಷ್ಟು ದೂರ ಒಟ್ಟಿಗೆ ಹೋಗುತ್ತೆ ಅನ್ನೋದು ನಿಂತಿದೆ, ಅದಕ್ಕೇ ಚೋಕ್ ಅನ್ನೋದು. ಒಳಗೆ ಹಾಕೋ ತೋಟಾ, ಅಂದ್ರೆ ಕಾರ್ಟ್ರಿಜ್ಜೂ ಬೇರೆ. ಕ್ಲೇಗೆ ಏಳೂವರೆ ನಂಬರಿನ ಸಣ್ಣ ಗುಂಡು, ಒಲಿಂಪಿಕ್ ನಿಯಮದಲ್ಲಿ 24 ಗ್ರಾಂ. ಮನೆ ಕಾಯೋಕೆ ಅಂತ ಹಾಕೋದು ಎಲ್‌ಜಿ, ಎಸ್‌ಜಿ ಥರದ ದಪ್ಪ ಗುಂಡು. 2004ರಲ್ಲಿ ಅಥೆನ್ಸಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಕ್ಲೇ ಹೊಡೆಯೋ ಡಬಲ್ ಟ್ರ್ಯಾಪ್ ಸ್ಪರ್ಧೇಲಿ ಬೆಳ್ಳಿ ತಂದಿದ್ದು ಕಳ್ಳನ್ನ ಓಡಿಸೋ ಕೋವೀಲಿ ಅಲ್ಲ.

ಸತೀಶ, 8:19
ಇಷ್ಟು ತಿಳಿದವನು ಮೈಸೂರಲ್ಲಿ ಕೂತಿದ್ದೀಯ. ಕಣ ಕಾಯೋಕೆ ಬಾ.

ಗಿರೀಶ, 8:31
ಕೋವಿ ಅಂದ ತಕ್ಷಣ ಅಜ್ಜನ ಜೋಡಿ ನಳಿಗೆ ನೆನಪಾಯ್ತು. ನಡುಮನೆ ಗೋಡೆ ಮೇಲೆ ಇರ್ತಿತ್ತು. ಮಳೆಗಾಲದಲ್ಲಿ ಕಾಗದದ ತೋಟಾ ಉಬ್ಬಿ ನಳಿಗೆಯೊಳಗೆ ಹೋಗ್ತಿರ್ಲಿಲ್ಲ, ಅದಕ್ಕೆ ಅಜ್ಜ ಅದನ್ನೆಲ್ಲ ಅಟ್ಟದಲ್ಲಿ ಬೆಚ್ಚಗೆ ಇಡ್ತಿದ್ರು. ಖಾಲಿ ತೋಟಾ ಬಾಯಿಗಿಟ್ಕೊಂಡು ಊದ್ತಿದ್ವಿ, ನೆನಪಿದ್ಯಾ ರಘು? ಆ ಮದ್ದಿನ ವಾಸನೆ!

ಕಾರ್ತಿಕ್, 8:34
ಹಂದಿ ಸಾರು, ಕಡುಬು. ಅಜ್ಜಿ ಮೆಣಸು ಅರೆದು ಹಾಕ್ತಿದ್ದದ್ದು.

ಗಿರೀಶ, 8:35
ಹೌದೋ ಮಾರಾಯ! ಕಿವಿ ಬಿಸಿ ಆಗೋ ಖಾರ. ಅತ್ತೆ, ಆ ಒರಳು ಇನ್ನೂ ಇದ್ಯಾ?

ಲತಾ, 8:38
ಇದೆ. ಹಿತ್ತಲಲ್ಲಿ. ರುಬ್ಬೋರು ಬೇಕು ಅಷ್ಟೇ.

ನಂಜೇಗೌಡ, 8:44
ಬೇಟೆಯ ಮಾತು ಇಲ್ಲಿ ಬೇಡ. 1972ರಲ್ಲಿ ವನ್ಯಜೀವಿ ಕಾನೂನು ಬಂತು. ಈಗ ಅದು ಅಪರಾಧ. ಗುಂಪಿನಲ್ಲಿ ಮಕ್ಕಳೂ ಇದ್ದಾರೆ.

ಗಿರೀಶ, 8:46
ದೊಡ್ಡಮಾವ, ನೀವೂ ಎರಡು ಸಲ ಬಡಿಸ್ಕೊಂಡು ತಿಂತಿದ್ರಿ.

ಸತೀಶ, 8:58
ಬೇಟೆ ಬಿಡಿ, ಆನೆಗೆ ಏನು ಮಾಡೋಣ? ಇಟಿಎಫ್‌ನವರು, ಅದೇ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು, ಆನೆ ಎಲ್ಲಿದೆ ಅಂತ ಮೆಸೇಜ್ ಹಾಕ್ತಾರೆ, ಆಮೇಲೆ ಒಂದು ವಾರ ಆಳುಗಳು ತೋಟಕ್ಕೆ ಇಳಿಯಲ್ಲ. ಕೋವಿ ಸದ್ದಾದ್ರೂ ಇದ್ರೆ ಧೈರ್ಯ. ಪಕ್ಕದ ಕೊಡಗಲ್ಲಿ ಲೈಸೆನ್ಸೇ ಬೇಡ, ನಮಗೆ ಮಾತ್ರ ಎಲ್ಲ ಕಾನೂನು.

ರಘು, 9:03
12 ಬೋರಿನ ಚರೆ ಆನೆಗೆ ತಗುಲಿದ್ರೆ ಅದು ಸಾಯಲ್ಲ, ರೇಗುತ್ತೆ. ಕೀವು ತುಂಬಿದ ಗಾಯದ ಆನೆ ಮಾರನೇ ದಿನ ಯಾರ ಮೇಲೆ ತಿರುಗುತ್ತೆ? 2023ರ ಡಿಸೆಂಬರಲ್ಲಿ ನಮ್ಮ ಯಸಳೂರು ಕಡೆ ಕಾಡಾನೆ ಹಿಡಿಯೋಕೆ ಹೋಗಿ ಅರ್ಜುನನೇ ಸತ್ತ. ಅಂಬಾರಿ ಹೊತ್ತ, ಪಳಗಿದ ಆನೆಗೇ ಆಗ್ಲಿಲ್ಲ.

ಗಿರೀಶ, 9:05
ಅರ್ಜುನನ ವಿಷ್ಯ ಎತ್ತಬೇಡ್ವೋ. ಅವತ್ತು ಊಟ ಸೇರಲಿಲ್ಲ.

ಪವಿತ್ರ, 9:27
ಚಿಕ್ಕಪ್ಪ, ನಿಮ್ಮ ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ. ಮೂಟೆ ಹೋಗ್ತಿರೋದು ನಿಜ, ಚಿಕ್ಕಮ್ಮ ಒಬ್ಬರೇ ಕಣಕ್ಕೆ ಹೋಗ್ತಿರೋದೂ ನಿಜ. ಆದ್ರೆ ಈ ಫಾರ್ವರ್ಡ್ ನಂಬಿದ್ರೆ ನೀವೇ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತೆ. ಕೊಡಗಿನ ವಿನಾಯಿತಿ ಕೊಡವರಿಗೆ ಮತ್ತೆ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಮಾತ್ರ, ಅದೂ 2029ರ ತನಕ ಅಂತ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. ನಮಗದು ಅನ್ವಯಿಸಲ್ಲ.

18 ಇಂಚಿನ ನಳಿಗೆ ಅಂತ ಬರೆದಿದ್ದಾರೆ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ನಲ್ಲಿ ರಕ್ಷಣೆಗೆ, ಕ್ರೀಡೆಗೆ ಅಂತ ಹೇಳಿರೋದು 20 ಇಂಚಿಗೆ ಕಮ್ಮಿ ಇಲ್ಲದ ನಳಿಗೆ. ಅದಕ್ಕಿಂತ ಗಿಡ್ಡದ್ದು ಸಾಮಾನ್ಯ ಲೈಸೆನ್ಸಿಗೆ ಬರಲ್ಲ.

ಇನ್ನು ಹೊಡೆಯೋ ಹಕ್ಕು. ಐಪಿಸಿ ಬದಲು ಬಂದಿರೋ ಭಾರತೀಯ ನ್ಯಾಯ ಸಂಹಿತೆ 41ನೇ ಸೆಕ್ಷನ್ ಪ್ರಕಾರ ದರೋಡೆ, ಸೂರ್ಯ ಮುಳುಗಿ ಹುಟ್ಟೋದರೊಳಗೆ ಮನೆ ಒಡೆದು ನುಗ್ಗೋದು, ಜೀವಕ್ಕೆ ಅಪಾಯ ಅನ್ನಿಸೋ ಕಳ್ಳತನ, ಇಂಥದ್ದಕ್ಕೆ ಮಾತ್ರ ಪ್ರಾಣ ಹೋಗೋ ಮಟ್ಟದ ರಕ್ಷಣೆ ಒಪ್ಪುತ್ತೆ. ಕಣದಿಂದ ಮೂಟೆ ಹೊತ್ತು ಓಡೋನ ಬೆನ್ನಿಗೆ ಹೊಡೆದ್ರೆ ಕೊಲೆ ಕೇಸು. ನಾನು ಕೋರ್ಟಲ್ಲಿ ದಿನಾ ನೋಡ್ತೀನಿ, ಅಲ್ಲಿ ಯಾರೂ ಫಾರ್ವರ್ಡ್ ಓದಿ ಬಿಡುಗಡೆ ಮಾಡಲ್ಲ.

ಸತೀಶ, 9:31
ಉದ್ದ ಇದೆ, ಸಂಜೆ ಓದ್ತೀನಿ.

ಸತೀಶ, 9:33
ಕೊಲೆ ಗಿಲೆ ಮಾತು ಯಾಕೆ ತಾಯಿ. ಹೊಸದು ಬೇಡ ಅಂದ್ರೆ ಬೇಡ. ನಮ್ಮ ಮನೇಲೇ ಒಂದು ಕೋವಿ ಇತ್ತಲ್ಲ. ಅದು ನನ್ನ ಹೆಸರಿಗೆ ಆಗಿದ್ರೆ ಈ ಮಾತೇ ಬರ್ತಿರ್ಲಿಲ್ಲ. ಯಾರು ಸಹಿ ಹಾಕಲಿಲ್ಲ ಅಂತ ನಾನು ಹೇಳಬೇಕಾ?

ನಂಜೇಗೌಡ, 9:40
ಹೇಳು. ನಾನು ಹಾಕಲಿಲ್ಲ. ಆಗ ನೀನು ಕುಡಿಯುತ್ತಿದ್ದೆ. ಕುಡಿಯುವವನ ಕೈಗೆ ಅಪ್ಪನ ಕೋವಿ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಇವತ್ತಿಗೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ಲತಾ, 9:42
ಭಾವ, ಅವರು ಬಿಟ್ಟು ಎಷ್ಟು ವರ್ಷ ಆಯ್ತು ಅಂತ ನಿಮಗೂ ಗೊತ್ತು. ಮಕ್ಕಳ ಎದುರಿಗೆ ಇದು ಬೇಕಿತ್ತಾ?

ಸತೀಶ, 9:44
ಇರಲಿ ಬಿಡು ಲತಾ. ಅಣ್ಣ ಮೇಷ್ಟ್ರು. ಅವರಿಗೆ ನಾನು ಇನ್ನೂ ಮೂರನೇ ಕ್ಲಾಸು. ಚುನಾವಣೆ ಬಂದಾಗೆಲ್ಲ ಅಪ್ಪನ ಕೋವೀನ ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ ಇಟ್ಟವನು ನಾನು, ಮತ್ತೆ ತಂದವನು ನಾನು. ಎಣ್ಣೆ ಹಾಕಿ ಒರೆಸಿದವನು ನಾನು. ಆಗ ಕುಡುಕ ಅಂತ ಯಾರಿಗೂ ಕಾಣಲಿಲ್ಲ.

ರಘು, 9:50
ದೊಡ್ಡಪ್ಪ, ಅಪ್ಪಾಜಿ, ಇಬ್ರೂ ಒಂದು ನಿಮಿಷ. ಆ ಕೋವಿ ಸಿಕ್ಕಿದ್ರೂ ಹಂಗೇ ಹೊಡೆಯೋಕೆ ಆಗಲ್ಲ. ಅದು ಹಳೇ ಕಾಲದ್ದು, ತೋಟಾ ಕೂರೋ ಜಾಗ ಎರಡೂವರೆ ಇಂಚು. ಈಗಿನ ತೋಟಾ ಎರಡೂ ಮುಕ್ಕಾಲು. ಒಳಗೇನೋ ಹೋಗುತ್ತೆ, ಸಿಡಿದಾಗ ಬಾಯಿ ಬಿಚ್ಚೋಕೆ ಜಾಗ ಇಲ್ಲದೆ ಒತ್ತಡ ಏರಿ ನಳಿಗೇನೇ ಒಡೀಬಹುದು.

ಸತೀಶ, 9:51
ನೀನು ದೊಡ್ಡಪ್ಪನ ಪಕ್ಷಾನಾ?

ಪವಿತ್ರ, 9:58
ಅಪ್ಪ, ಆ ಕೋವಿ ಈಗ ಎಲ್ಲಿದೆ? ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಠೇವಣಿ ಇಟ್ಟದ್ದನ್ನ ಗೊತ್ತು ಮಾಡಿದ ಅವಧಿಯೊಳಗೆ ವಿಲೇವಾರಿ ಮಾಡದಿದ್ರೆ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮುಟ್ಟುಗೋಲು ಹಾಕ್ತಾರೆ. ರಸೀದಿ ಯಾರ ಹತ್ರ ಇದೆ?

ನಂಜೇಗೌಡ, 10:02
ರಸೀದಿ ಸತೀಶನ ಹತ್ತಿರ ಇರಬೇಕು.

ಸತೀಶ, 10:02
ರಸೀದಿ ಅಣ್ಣನೇ ಇಸ್ಕೊಂಡು ಹೋದ್ರು.

ಜಯಮ್ಮ, 10:20
ರಸೀದಿ ನನ್ನ ಹತ್ರ ಇದೆ.

ಗಿರೀಶ, 10:21
ಅಮ್ಮ???

ಜಯಮ್ಮ, 10:26
ಅಪ್ಪನ ತಿಥಿ ದಿನ ಅಜ್ಜಿ, ಅಂದ್ರೆ ನಮ್ಮಮ್ಮ, ನನ್ನ ಕೈಗೆ ಕೊಟ್ಳು. ಇವರಿಬ್ಬರ ಕೈಗೆ ಕೊಟ್ರೆ ಹರಿದು ಹಾಕ್ತಾರೆ, ನೀನು ಇಟ್ಕೊ ಅಂದ್ಳು. ಇಟ್ಕೊಂಡೆ. ಇಷ್ಟು ವರ್ಷ ಯಾರೂ ನನ್ನ ಕೇಳಲಿಲ್ಲ. ಅಣ್ಣ ಸಹಿ ಹಾಕಲಿಲ್ಲ, ತಮ್ಮನ ಹೆಸರಿಗೆ ಆಗಲಿಲ್ಲ ಅಂತ ಇಬ್ರೂ ಮಾತು ಬಿಟ್ರಿ. ಮೂರನೆಯವಳೊಬ್ಬಳು ಇದ್ದಾಳೆ, ಅವಳ ಸಹೀನೂ ಬೇಕು ಅಂತ ಇಬ್ಬರ ತಲೆಗೂ ಹೋಗಲಿಲ್ಲ.

ಸತೀಶ, 10:29
ಅಕ್ಕ, ನೀನು ಬೆಂಗಳೂರಲ್ಲಿ ಇದ್ದೆ. ನಿನಗ್ಯಾಕೆ ತೊಂದರೆ ಅಂತ.

ಜಯಮ್ಮ, 10:34
ತೋಟದಲ್ಲಿ ನನ್ನ ಪಾಲು ಬಿಟ್ಟುಕೊಡೋ ಹಕ್ಕು ಖುಲಾಸೆ ಪತ್ರಕ್ಕೆ ಬೆಂಗಳೂರಿಂದ ಕರೆಸ್ಕೊಂಡ್ರಲ್ಲ. ಆಗ ತೊಂದರೆ ಅನ್ನಿಸಲಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹೆಬ್ಬೆಟ್ಟು ಒತ್ತಿ, ಸೀರೆ ಮಡಿಲಲ್ಲಿಟ್ಕೊಂಡು ಅದೇ ಸಂಜೆ ಬಸ್ಸು ಹತ್ತಿದೆ. ನಾನು ಆವತ್ತು ಏನೂ ಕೇಳಲಿಲ್ಲ. ಅಪ್ಪನ ಜೊತೆ ಕೂತು ನಳಿಗೆ ಒಳಗೆ ಬಟ್ಟೆ ಹಾಕಿ ಎಳೀತಿದ್ದವಳು ನಾನು. ಸತೀಶ ಇನ್ನೂ ತೆವಳ್ತಿದ್ದ.

ಲತಾ, 10:36
ಅತ್ತಿಗೆ, ಇದನ್ನ ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ?

ನಂಜೇಗೌಡ, 10:41
ಜಯಾ, ಇದು ಗುಂಪಿನಲ್ಲಿ ಮಾತಾಡುವ ವಿಷಯವಲ್ಲ. ರಾತ್ರಿ ಫೋನ್ ಮಾಡುತ್ತೇನೆ.

ಜಯಮ್ಮ, 10:43
ಇಲ್ಲೇ ಹೇಳಣ್ಣ. ಸತೀಶ ಕುಡೀತಿದ್ದದ್ದನ್ನ ಇಲ್ಲೇ ಹೇಳಿದೆಯಲ್ಲ.

ಗಿರೀಶ, 10:45
ಅಮ್ಮ, ನೀನು ಹಲಸಿನ ಮರಕ್ಕೆ ಹೊಡೆದಿದ್ದ ಕಥೆ ಅಜ್ಜ ಹೇಳ್ತಿದ್ರು. ಅದು ನಿಜಾನಾ?

ಜಯಮ್ಮ, 10:46
ನಿಜ. ಭುಜ ಒಂದು ವಾರ ನೀಲಿ ಆಗಿತ್ತು. ನೀನು ಸುಮ್ಮನಿರು ಗಿರೀಶ. ಪವಿತ್ರ, ಒಂದು ಹೇಳಮ್ಮ. ಆ ಕೋವಿ ನನ್ನ ಹೆಸರಿಗೆ ಮಾಡಿಸ್ಕೋಬಹುದಾ?

ಪವಿತ್ರ, 10:55
ಹೆಣ್ಣು ಅನ್ನೋ ಕಾರಣಕ್ಕೆ ಅಡ್ಡಿ ಇಲ್ಲ ಅತ್ತೆ, ನೀವೂ ವಾರಸುದಾರರೇ. 2016ರ ಆಯುಧ ನಿಯಮಗಳಲ್ಲಿ ವಾರಸುದಾರರಿಗೆ ಅಂತಲೇ ಅವಕಾಶ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಪ್ಪನ ಮತ್ತೆ ಚಿಕ್ಕಪ್ಪನ ಒಪ್ಪಿಗೆ ಪತ್ರ, ತರಬೇತಿ ಪ್ರಮಾಣಪತ್ರ, ಆಮೇಲೆ ಪೊಲೀಸ್ ವಿಚಾರಣೆ. ಡಿಸಿ ಆಫೀಸಿಗೆ ಅರ್ಜಿ. ಮುಟ್ಟುಗೋಲು ಆಗಿಲ್ಲ ಅಂತ ಮೊದಲು ಖಾತ್ರಿ ಮಾಡ್ಕೋಬೇಕು, ರಸೀದಿ ಫೋಟೋ ನನಗೊಬ್ಬಳಿಗೇ ಕಳಿಸಿ. ಒಂದೇ ತೊಡಕು, ಅಜ್ಜಂದು ಬೆಳೆ ರಕ್ಷಣೆ ಲೈಸೆನ್ಸು. ಅದೇ ಮುಂದುವರಿಸಬೇಕು ಅಂದ್ರೆ ಅರ್ಜಿ ಹಾಕೋರ ಹೆಸರಲ್ಲಿ ಜಮೀನು ಇರಬೇಕು.

ಜಯಮ್ಮ, 10:58
ಜಮೀನು ಇರಬೇಕಾ? ಅಣ್ಣ, ಸತೀಶ, ಇಬ್ರೂ ಓದಿದ್ರಾ?