ಮೇಂಟೆನೆನ್ಸ್ ಯಾರಿಗೆಷ್ಟು, ಕೆಲಸ ಯಾರದ್ದು? ಅನುಭವ ಇದ್ದವರು ಹೇಳಿ

ಕೇಳಿದವರು

ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ಎರಡು ಬೆಡ್‌ರೂಮಿನವು 14, ಮೂರು ಬೆಡ್‌ರೂಮಿನವು 10. ಇಲ್ಲಿವರೆಗೆ ಎಲ್ಲರದ್ದೂ ಸಮಪಾಲು. ಈಗ ಚಿಕ್ಕ ಮನೆಯವರು ಚದರಡಿ ಲೆಕ್ಕ ಕೇಳುತ್ತಿದ್ದಾರೆ, ನೆಲಮಹಡಿಯವರು ಲಿಫ್ಟಿನ ಖರ್ಚು ನಮಗ್ಯಾಕೆ ಅಂತಿದ್ದಾರೆ. ಇನ್ನು ಅಸೋಸಿಯೇಷನ್ ಕೆಲಸಕ್ಕೆ ಮೂರು ವರ್ಷದಿಂದ ನಾನು ಮತ್ತು ಇನ್ನೊಬ್ಬರು, ಇಬ್ಬರೇ. ನಿಮ್ಮಲ್ಲಿ ಹೇಗೆ ಮಾಡಿಕೊಂಡಿದ್ದೀರಿ?

ಎರಡು ಅವಧಿ ಖಜಾಂಚಿಯಾಗಿದ್ದವರು

ಎಲ್ಲ ಖರ್ಚನ್ನೂ ಒಂದೇ ಗಂಟು ಕಟ್ಟಿ ಹಂಚುತ್ತಿದ್ದಷ್ಟು ದಿನ ನಮ್ಮಲ್ಲೂ ಜಗಳ ನಿಲ್ಲಲಿಲ್ಲ. ಕೊನೆಗೆ ಗಂಟು ಬಿಚ್ಚಿದೆವು. ಸೆಕ್ಯೂರಿಟಿ, ಕಸ ಗುಡಿಸುವುದು, ಮೆಟ್ಟಿಲ ದೀಪ, ಲಿಫ್ಟಿನ ಎಎಂಸಿ (ವರ್ಷದ ನಿರ್ವಹಣೆಯ ಗುತ್ತಿಗೆ) ಇವೆಲ್ಲ ಮನೆ ದೊಡ್ಡದಿದ್ದರೂ ಚಿಕ್ಕದಿದ್ದರೂ ಅಷ್ಟೇ, ಹಾಗಾಗಿ ಸಮಪಾಲು. ಪೇಂಟಿಂಗ್, ತಾರಸಿಯ ವಾಟರ್‌ಪ್ರೂಫಿಂಗ್, ಕಟ್ಟಡದ ವಿಮೆ, ಸಿಂಕಿಂಗ್ ಫಂಡ್ (ಮುಂದಿನ ದೊಡ್ಡ ರಿಪೇರಿಗೆ ಕೂಡಿಡುವ ದುಡ್ಡು) ಚದರಡಿ ಮೇಲೆ, ಯಾಕೆಂದರೆ ಅದರಿಂದ ಉಳಿಯುವುದು ಆಸ್ತಿಯ ಬೆಲೆ. ನೀರು ಬಳಕೆಯ ಮೇಲೆ. ಮನೆ ಖಾಲಿ ಬಿಟ್ಟವರೂ ಮೊದಲೆರಡನ್ನು ಕೊಡಬೇಕು.

ಹೊಸ ಲೆಕ್ಕ ಜಾರಿ ಮಾಡುವ ಮೊದಲು ಹಿಂದಿನ 12 ತಿಂಗಳ ಬಿಲ್ಲುಗಳನ್ನೇ ಹಿಡಿದು, ಪ್ರತಿ ಮನೆಗೆ ಹಳೆಯ ಪ್ರಕಾರ ಎಷ್ಟು, ಹೊಸ ಪ್ರಕಾರ ಎಷ್ಟು ಅಂತ ಪಕ್ಕಪಕ್ಕ ಬರೆದು ನೋಟಿಸ್ ಬೋರ್ಡಿಗೆ ಹಾಕಿದೆವು. ಇಷ್ಟು ಸಣ್ಣ ವ್ಯತ್ಯಾಸಕ್ಕಾ ತಿಂಗಳುಗಟ್ಟಲೆ ಕಿತ್ತಾಡಿದ್ದು ಅಂತ ಕೆಲವರಿಗೆ ನಗು ಬಂತು. ಎಲ್ಲರಿಗೂ ಬರಲಿಲ್ಲ ಬಿಡಿ.

ಒಂದು ಮಾತು: ಮೊದಲು ಕ್ರಯಪತ್ರ, ಬೈಲಾ (ಅಸೋಸಿಯೇಷನ್ನಿನ ನಿಯಮಾವಳಿ) ತೆಗೆದು ಓದಿ. ಎಷ್ಟೋ ಕಡೆ ಯಾರ ಪಾಲು ಎಷ್ಟು ಅಂತ ಅದರಲ್ಲೇ ಇರುತ್ತದೆ. ಇದ್ದರೆ, ಸಭೆಯಲ್ಲಿ ಕೈ ಎತ್ತಿಸಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ನೆಲಮಹಡಿಯವರು

ಲಿಫ್ಟಿನ ವಿಷಯಕ್ಕೆ ನಮ್ಮ ಕಟ್ಟಡದಲ್ಲಿ ಗಲಾಟೆ ತೆಗೆದವನು ನಾನೇ. ಮೇಲಿನ ಮಹಡಿಯ ಹಿರಿಯರೊಬ್ಬರು, "ಆಗಲಿ ಕಣಪ್ಪಾ, ಲಿಫ್ಟಿಗೆ ನೀನು ಕೊಡಬೇಡ. ತಾರಸಿ ಸೋರಿದರೆ ನಾನೊಬ್ಬನೇ ಮಾಡಿಸ್ಕೋತೀನಿ. ಒಳಚರಂಡಿ ಪೈಪು ಕಟ್ಟಿಕೊಂಡು ಮೇಲಿನವರ ನೀರೆಲ್ಲ ನಿನ್ನ ಬಚ್ಚಲಲ್ಲಿ ಉಕ್ಕಿದರೆ ಮಾತ್ರ ಅದು ನಿನ್ನ ಖರ್ಚು" ಅಂದರು. ಅಲ್ಲಿಗೆ ಬಾಯಿ ಮುಚ್ಚಿಕೊಂಡೆ.

ಇನ್ನೊಬ್ಬರು

ನೀರಿಗೆ ಮೀಟರ್ ಅನ್ನುವ ಮುಂಚೆ ಪ್ಲಂಬರ್‌ಗೆ ಪೈಪು ತೋರಿಸಿ. ತಾರಸಿಯ ಟ್ಯಾಂಕಿನಿಂದ ಅಡುಗೆಮನೆಗೊಂದು, ಬಚ್ಚಲಿಗೊಂದು ಅಂತ ಬೇರೆ ಬೇರೆ ಪೈಪು ಇಳಿದಿದ್ದರೆ ಒಂದೊಂದು ಮನೆಗೆ ಮೂರು ನಾಲ್ಕು ಮೀಟರ್ ಬೇಕು. ನಾವು ಅದನ್ನು ಬಿಟ್ಟು ತಲೆ ಲೆಕ್ಕ ಮಾಡಿದೆವು. ನೆಂಟರನ್ನು ಎಣಿಸುವವರು ಯಾರು? ಈಗ ಬೆಡ್‌ರೂಮ್ ಲೆಕ್ಕ. ಪೂರ್ತಿ ನ್ಯಾಯವಲ್ಲ, ನಡೀತಿದೆ.

ಮಾಜಿ ಕಾರ್ಯದರ್ಶಿ

ದುಡ್ಡಿನದು ಹೇಗೋ ಬಗೆಹರಿಯುತ್ತೆ, ಕೆಲಸದ್ದೇ ಕಷ್ಟ. ನಮ್ಮಲ್ಲಿ "ಕೆಲಸಕ್ಕೆ ಬನ್ನಿ, ಇಲ್ಲಾ ಹೆಚ್ಚಿಗೆ ಕೊಡಿ" ಅಂತ ನಿಯಮ ಮಾಡಿದ್ದೆ. ಅದುವರೆಗೆ ಸಂಕೋಚಕ್ಕಾದರೂ ಬರುತ್ತಿದ್ದ ಆರು ಮನೆಯವರು ದುಡ್ಡು ಕೊಟ್ಟು ಕೂತುಬಿಟ್ಟರು. ಒಬ್ಬರಂತೂ ರಾತ್ರಿ 11ಕ್ಕೆ ಫೋನ್ ಮಾಡಿ, "ದುಡ್ಡು ಕೊಟ್ಟಿಲ್ವಾ? ನಲ್ಲೀಲಿ ನೀರು ಯಾಕೆ ಬರ್ತಿಲ್ಲ?" ಅಂತ ದಬಾಯಿಸಿದರು. ಇಸ್ರೇಲಿನ ಶಿಶುವಿಹಾರಗಳ ಬಗ್ಗೆ 2000ದಲ್ಲಿ ಬಂದ ಒಂದು ಅಧ್ಯಯನ ಆಮೇಲೆ ಓದಿದೆ. ಮಕ್ಕಳನ್ನು ಕರೆದೊಯ್ಯಲು ತಡಮಾಡುವ ಅಪ್ಪ ಅಮ್ಮಂದಿರಿಗೆ ದಂಡ ಹಾಕಿದರೆ ತಡವಾಗಿ ಬರುವವರು ಇನ್ನೂ ಹೆಚ್ಚಾದರಂತೆ. ದಂಡ ತೆಗೆದ ಮೇಲೂ ಇಳಿಯಲಿಲ್ಲವಂತೆ. ನಮ್ಮದೂ ಅದೇ ಕಥೆ. ನಿಯಮ ತೆಗೆದರೂ ಆ ಆರು ಮನೆಯವರಲ್ಲಿ ವಾಪಸ್ ಬಂದದ್ದು ಇಬ್ಬರೇ.

ಆಮೇಲೆ ಕಾರ್ಯದರ್ಶಿ ಅನ್ನುವ ದೊಡ್ಡ ಹೊರೆಯನ್ನೇ ಚೂರು ಮಾಡಿದೆವು. ಲಿಫ್ಟ್ ಸರ್ವೀಸಿನವರು ಬಂದಾಗ ನಿಲ್ಲುವುದು ಒಬ್ಬರು, ಜನರೇಟರ್ ಡೀಸೆಲ್ ಪುಸ್ತಕ ಒಬ್ಬರು, ಸೆಕ್ಯೂರಿಟಿಯವರ ರಜೆ ಒಬ್ಬರು. ಆರು ತಿಂಗಳು, ಮುಗೀತು. ರಾತ್ರಿ ಪಾಳಿಯವರು, ಮೊಣಕಾಲು ನೋವಿನವರು ಮನೆಯಲ್ಲೇ ಕೂತು ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುತ್ತಾರೆ. "ನೀವು ಬಂದು ಕಾರ್ಯದರ್ಶಿಯಾಗಿ" ಅಂದರೆ ಓಡುತ್ತಿದ್ದವರೇ ಡೀಸೆಲ್ ಪುಸ್ತಕಕ್ಕೆ ಒಪ್ಪಿದರು. ಎಎಂಸಿ ಮುಗಿಯುವ ತಾರೀಖು, ಪ್ಲಂಬರ್ ನಂಬರು, ಯಾವ ವಾಲ್ವ್ ಎಲ್ಲಿದೆ ಅನ್ನುವುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿರಲಿ. ನಮ್ಮಲ್ಲಿ ಅದೆಲ್ಲ ಒಬ್ಬರ ತಲೆಯಲ್ಲಿತ್ತು, ಅವರು ಮನೆ ಮಾರಿಕೊಂಡು ಹೋದರು.

ಕೇಳಿದವರು

ನಿನ್ನೆ ರಾತ್ರಿ ಕ್ರಯಪತ್ರ ತೆಗೆದೆ. ಪಾಲು ಚದರಡಿ ಪ್ರಕಾರ ಅಂತ ಸ್ಪಷ್ಟವಾಗಿ ಬರೆದಿದೆ. ಮೂರು ವರ್ಷದಿಂದ ಸಮಪಾಲಿನ ರಸೀದಿ ಬರೆದವನು ನಾನೇ. ಭಾನುವಾರ ಸಭೆ.