ನೆತ್ತಿ ಒಣಗದ ಹಾಗೆ ತಲೆ ತೊಳೆಯುವುದು ಹೇಗೆ? ಬಲ್ಲವರು ಹೇಳಿ

ಪ್ರಶ್ನೆ: ಶಾಂಪೂ ಹಾಕಿದ ದಿನ ನೆತ್ತಿ ಬಿಗಿಯುತ್ತೆ, ಕೂದಲು ಒರಟಾಗುತ್ತೆ. ಸೀಗೆಪುಡಿ ಕಲಸಿ ಹಚ್ಚಿದರೆ ಪುಡಿ ಕೂದಲಲ್ಲೇ ಉಳಿಯುತ್ತೆ. ಅಡಿಗೆ ಸೋಡಾ ಒಳ್ಳೆಯದು ಅಂತಾರೆ, ಹೌದಾ?

ಉತ್ತರ: ಪುಡಿ ಬಿಡಿ, ಇಡೀ ಕಾಯಿ ತಗೊಳ್ಳಿ. ಭುಜದವರೆಗಿನ ಕೂದಲಿಗೆ 8–10 ಸೀಗೆಕಾಯಿ, 2–3 ಅಂಟುವಾಳಕಾಯಿ ಸಾಕು. ನೆತ್ತಿ ತೀರಾ ಒಣ ಇದ್ದರೆ ಅಂಟುವಾಳ ಬೇಡ, ಅದರದ್ದು ಹೆಚ್ಚು ಖಡಕ್ಕು. ಬೀಜ ತೆಗೆದುಬಿಡಿ, ಕೊಳೆ ಬಿಡಿಸುವ ಸಪೋನಿನ್ ಸಿಗುವುದು ಹೊರಗಿನ ಸಿಪ್ಪೆಯಿಂದ. ಅರ್ಧ ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿ. ಆರಿದ ಮೇಲೆ ಚೆನ್ನಾಗಿ ಕಿವುಚಿ, ತೆಳು ಹತ್ತಿಬಟ್ಟೆಯಲ್ಲಿ ಎರಡು ಸಲ ಸೋಸಿ. ತಿಳಿ ಕಂದು ಬಣ್ಣದ, ಬೆರಳ ಸಂದಿನಲ್ಲಿ ತುಸು ಜಾರುವ ನೀರು ಬರಬೇಕು. ಕಪ್ಪಗೆ ಗಟ್ಟಿಯಾಗಿದ್ದರೆ ಇನ್ನೊಂದು ಲೋಟ ನೀರು ಬೆರೆಸಿ. ಗಾಢವಾದ ಸೀಗೆನೀರೂ ನೆತ್ತಿಯ ಎಣ್ಣೆಯನ್ನೆಲ್ಲ ಎಳೆದುಬಿಡುತ್ತೆ. ಗಿಡದಿಂದ ಬಂದದ್ದೆಲ್ಲ ಮೃದು ಅಂತ ನಂಬಿ ಕೆಡುವವರೇ ಜಾಸ್ತಿ.

ತಲೆ ಪೂರ್ತಿ ಒದ್ದೆಯಾದ ಮೇಲೆ, ಅಲ್ಲಲ್ಲಿ ಬೈತಲೆ ತೆಗೆದು ನೆತ್ತಿಗೆ ಮಾತ್ರ ಸುರಿದು, ಉಗುರು ತಾಗಿಸದೆ ಬೆರಳ ತುದಿಯಿಂದ 2–3 ನಿಮಿಷ ಉಜ್ಜಿ. ಕೂದಲ ತುದಿಗೆ ನೆತ್ತಿಯ ಎಣ್ಣೆ ತಲುಪೋದೇ ಕಡಿಮೆ, ಹಾಗಾಗಿ ಇಳಿದು ಬರುವ ನೀರೇ ಅದಕ್ಕೆ ಸಾಕು. ಉಗುರುಬೆಚ್ಚಗಿನ ನೀರಲ್ಲೇ ತೊಳೆಯಿರಿ. ತಲೆ ಹಿಂದಕ್ಕೆ ಬಾಗಿಸಿಕೊಳ್ಳಿ, ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಉಳಿದದ್ದು ಫ್ರಿಜ್ಜಿನಲ್ಲಿ 2 ದಿನ ಇರುತ್ತೆ. ಹುಳಿ ವಾಸನೆ ಬಂದರೆ ಚೆಲ್ಲಿ.

ಇನ್ನೊಬ್ಬರು: ಸೋಡಾ ಬೇಡವೇ ಬೇಡ. ನೆತ್ತಿಯ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) ಸುಮಾರು 5.5, ಸೋಡಾ ನೀರಿನದ್ದು 8ಕ್ಕಿಂತ ಮೇಲೆ. ಕ್ಷಾರಕ್ಕೆ ಕೂದಲು ಉಬ್ಬಿ ಮೇಲ್ಪದರ ಎದ್ದು ನಿಲ್ಲುತ್ತೆ, ಒಂದಕ್ಕೊಂದು ತಿಕ್ಕಿ ಸಿಕ್ಕಾಗುತ್ತೆ. ಸಾಬೂನಿನದ್ದೂ ಅದೇ ಕಥೆ. ಜೊತೆಗೆ ಗಡಸು ನೀರಿನ ಕ್ಯಾಲ್ಸಿಯಂ ಸೇರಿ ಬಿಳಿ ಅಂಟು ಕೂತುಬಿಡುತ್ತೆ. ಸೀಗೆ, ಅಂಟುವಾಳಕ್ಕೆ ಆ ಕಾಟ ಇಲ್ಲ.

ಮತ್ತೊಬ್ಬರು: ಸಿಕ್ಕು ಹೆಚ್ಚಿದ್ದರೆ ಒಂದು ಹಿಡಿ ದಾಸವಾಳದ ಎಲೆಯನ್ನು ತಣ್ಣೀರಲ್ಲಿ ಕಿವುಚಿ, ಲೋಳೆ ಸೋಸಿ ಸೀಗೆನೀರಿಗೆ ಬೆರೆಸಿ. ಬೆರಳು ಸಲೀಸಾಗಿ ಓಡುತ್ತೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಎಣ್ಣೆ ಹಚ್ಚಿದ ದಿನ ಇಷ್ಟು ಸಾಲುತ್ತಾ? ನೊರೆನೇ ಬರಲ್ವಲ್ಲ.

ಉತ್ತರ: ನೊರೆ ನೋಡಬೇಡಿ, ತೊಳೆದ ಮೇಲೆ ನೆತ್ತಿಯನ್ನು ಬೆರಳಿಂದ ಮುಟ್ಟಿ ನೋಡಿ. ಜಿಡ್ಡು ಅಂಟಬಾರದು, ಹಾಗಂತ ಕಿರ್ ಕಿರ್ ಅನ್ನಲೂಬಾರದು. ತೊಳೆಯುವ ಮುಂಚೆ ಹಚ್ಚುವ ಎಣ್ಣೆ 1–2 ಚಮಚ ದಾಟದಿರಲಿ. ಹೆಚ್ಚಾಗಿದ್ದರೆ 3 ಚಮಚ ಕಡಲೆಹಿಟ್ಟು ಜರಡಿ ಹಿಡಿದು, ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ, ತಲೆಗೆ ನೀರು ಹಾಕುವ ಮೊದಲೇ ಹಚ್ಚಿ. ಎಣ್ಣೆಯನ್ನು ಹಿಟ್ಟು ಹೀರುತ್ತೆ. ಒಣಗಲು ಬಿಡಬೇಡಿ. ಬಿಸಿನೀರು ಸುರಿದಿರೋ, ಹಿಟ್ಟು ಬೆಂದು ಅಂಟಾಗುತ್ತೆ.

ಇನ್ನೊಬ್ಬರು: ಎರಡು ಮಾತು ಸೇರಿಸ್ತೀನಿ. ಈವರೆಗೆ ಕೂದಲ ಮೇಲೆ ನುಣುಪು ಪದರ ಕಟ್ಟುವ ಸಿಲಿಕೋನ್ ಇರುವ ಕಂಡಿಷನರ್ ಹಚ್ಚಿದ್ದರೆ ಆ ಪದರ ಸೀಗೆಗೆ ಸುಲಭಕ್ಕೆ ಬಿಡಲ್ಲ. ಕೂದಲು ಮೇಣ ಮೆತ್ತಿದ ಹಾಗಾಗಿ, ಬೈಗುಳ ಸೀಗೆಗೆ ಬೀಳುತ್ತೆ. ಒಂದು ಸಲ ಮಾಮೂಲಿ ಶಾಂಪೂ ಹಾಕಿ ತೊಳೆದು ಆಮೇಲೆ ಶುರುಮಾಡಿ. ಮತ್ತೆ, ಹಳದಿ ಬಣ್ಣದ ಜಿಡ್ಡು ಹೊಟ್ಟು, ತುರಿಕೆ ಇದ್ದರೆ ಎಣ್ಣೆ ಉಳಿಸುವ ಯೋಚನೆಯೇ ಬೇಡ. ಮಲಸೇಜಿಯಾ ಅನ್ನೋ ಶಿಲೀಂಧ್ರಕ್ಕೆ ಆ ಜಿಡ್ಡೇ ಆಹಾರ. ಅದಕ್ಕೆ ಶಿಲೀಂಧ್ರ ತಡೆಯುವ ಔಷಧಿ ಕೀಟೋಕೊನಜೋಲ್ ಇರುವ ಶಾಂಪೂ ಹಚ್ಚಿ 3–5 ನಿಮಿಷ ಬಿಟ್ಟು ತೊಳೆಯಬೇಕು. ಕೆಲವು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.