ಹಳೆಯ ಬೈಕಿನ ಫೋರ್ಕ್‌ಗೆ ದಪ್ಪ ಆಯಿಲ್ ಹಾಕಬೇಕೇ?

ಘಟ್ಟದದಾರಿ, ಶಿರಸಿ: ನನ್ನದು 1994ರ ಯಮಹಾ ಆರ್‌ಎಕ್ಸ್ 100. ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ, ಒಳಗೆ ಸ್ಪ್ರಿಂಗ್ ಮತ್ತು ಆಯಿಲ್ ಇರುವ ಜೋಡಿ ಕಾಲು) ಪೂರ್ತಿ ಕುಸಿದು ತಳಕ್ಕೆ ಬಡಿಯುತ್ತದೆ. ಗ್ಯಾರೇಜಿನವರು 20ಡಬ್ಲ್ಯೂ50 ಎಂಬ ದಪ್ಪ ಎಂಜಿನ್ ಆಯಿಲನ್ನೇ ಫೋರ್ಕ್‌ಗೂ ಹಾಕೋಣ ಎನ್ನುತ್ತಾರೆ. ಹಾಕಿಸಬಹುದೇ?

ಕಡಲತಡಿ, ಕಾರವಾರ: ಧಾರಾಳವಾಗಿ ಹಾಕಿಸಿ. ನನ್ನ ಗಾಡಿಗೆ ಹಾಕಿಸಿದ ಮೇಲೆ ಮೊದಲಿನಂತೆ ದಡಕ್ಕನೆ ಕುಸಿಯುವುದು ನಿಂತಿದೆ.

ಹಳೇಸ್ಪ್ಯಾನರ್, ಅಂಕೋಲಾ: ಇದನ್ನು ನಾನು ಒಪ್ಪಲಾರೆ. ಫೋರ್ಕ್ ಎಷ್ಟು ಕುಸಿಯಬೇಕೆಂಬುದನ್ನು ಸ್ಪ್ರಿಂಗ್ ನಿರ್ಧರಿಸುತ್ತದೆ, ಎಷ್ಟು ವೇಗವಾಗಿ ಕುಸಿಯಬೇಕೆಂಬುದನ್ನು ಆಯಿಲ್ ನಿರ್ಧರಿಸುತ್ತದೆ. ಘಟ್ಟದಲ್ಲಿ ಬ್ರೇಕನ್ನು ಹಿಡಿದೇ ಇಳಿಯುವುದರಿಂದ ದಪ್ಪ ಆಯಿಲ್ ಇದ್ದರೂ ಫೋರ್ಕ್ ನಿಧಾನವಾಗಿ ಅದೇ ಆಳಕ್ಕೆ ತಲುಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಫೋರ್ಕ್‌ಗಳಲ್ಲಿ ಆಯಿಲ್ ಸಣ್ಣ ತೂತುಗಳ ಮೂಲಕವೇ ಹಾದುಹೋಗಬೇಕಾದ್ದರಿಂದ, ದಪ್ಪ ಆಯಿಲ್ ಹಾಕಿದಾಗ ಕುಸಿದ ಫೋರ್ಕ್ ಮೇಲೇಳುವುದೂ ತಡವಾಗಿ, ಸಾಲು ಗುಂಡಿಗಳಲ್ಲಿ ಅದು ಪೂರ್ತಿ ಏಳುವ ಮೊದಲೇ ಮುಂದಿನ ಗುಂಡಿ ಬಂದುಬಿಡುತ್ತದೆ. ನಮ್ಮ ಮಳೆಗಾಲದ ರಸ್ತೆಯಲ್ಲಿ ಇದು ನಿಜಕ್ಕೂ ಅಪಾಯ.

ಮೊದಲು ಫೋರ್ಕಿನ ಎರಡೂ ಕಾಲುಗಳ ಆಯಿಲನ್ನು ಬೇರೆ ಬೇರೆ ಲೋಟಕ್ಕೆ ಇಳಿಸಿ ನೋಡಿ.

ಕಡಲತಡಿ: ಸ್ಪ್ರಿಂಗ್ ಮೇಲೆ ಎರಡು ವಾಷರ್ ಇಟ್ಟರೆ ಅದು ಗಟ್ಟಿಯಾಗುವುದಿಲ್ಲವೇ?

ಹಳೇಸ್ಪ್ಯಾನರ್: ಇಲ್ಲ. ಗಾಡಿಯ ಮುಂಭಾಗ ಸ್ವಲ್ಪ ಎತ್ತರವಾಗುತ್ತದೆ, ಅಷ್ಟೇ. ಸ್ಪ್ರಿಂಗಿನ ಬಿಗುವು ಮೊದಲಿದ್ದಷ್ಟೇ ಇರುತ್ತದೆ. ಸವಾರ ಕುಳಿತಾಗ ಫೋರ್ಕ್ ತನ್ನ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿದರೆ ಸರಿ. ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರ ವಾಷರ್ ಇಡಬಹುದು. ಇನ್ನೊಂದು ಮಾತು: ಆಯಿಲ್ ಡಬ್ಬದ ಮೇಲೆ ದಪ್ಪ ಸೂಚಿಸುವ 10ಡಬ್ಲ್ಯೂ ಎಂಬ ಅಂಕಿ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. 40 ಡಿಗ್ರಿ ಉಷ್ಣತೆಯಲ್ಲಿ ಎಷ್ಟು ಸೆಂಟಿಸ್ಟೋಕ್ (ಆಯಿಲಿನ ದಪ್ಪದ ಅಳತೆ) ಎಂಬುದನ್ನು ಹೋಲಿಸಿ ಕೊಳ್ಳಿ.

ಘಟ್ಟದದಾರಿ: ಈ ದಿನ ಇಳಿಸಿದೆ. ಎಡಗಾಲಿನ ಆಯಿಲ್ ಹಾಲು ಹಾಕಿದ ಚಹಾದಂತೆ ಮಸುಕಾಗಿತ್ತು. ಬಲಗಾಲಿನಲ್ಲಿ ಅದರ ಅರ್ಧವೂ ಇರಲಿಲ್ಲ. ಬಲಗಡೆಯ ಕ್ರೋಮ್ ಕೊಳವೆಯ ಮೇಲೆ, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲ್ ಉಜ್ಜುವ ಜಾಗದಲ್ಲಿಯೇ, ಉಗುರಿಗೆ ಸಿಗುವಂಥ ತುಕ್ಕಿನ ಗುಳಿಗಳಿವೆ.

ಹಳೇಸ್ಪ್ಯಾನರ್: ಮಸುಕಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆ ಗುಳಿಗಳನ್ನು ಹಾಗೆಯೇ ಬಿಟ್ಟರೆ ಹೊಸ ಸೀಲೂ ಹರಿಯುತ್ತದೆ, ಸೋರಿದ ಆಯಿಲ್ ಬ್ರೇಕ್ ಶೂಗೆ ತಾಗಿದರೆ ಘಟ್ಟದಲ್ಲಿ ಗಾಡಿ ನಿಲ್ಲದು. ಕೊಳವೆಗೆ ಮತ್ತೆ ಕ್ರೋಮ್ ಹಾಕಿಸಿ ಅಥವಾ ಬದಲಿಸಿ, ಎರಡೂ ಸೀಲ್ ಹೊಸದು ಹಾಕಿ, ಕಂಪನಿಯ ಕೈಪಿಡಿಯಲ್ಲಿರುವ ಆಯಿಲನ್ನೇ ಎರಡೂ ಕಡೆ ಒಂದೇ ಅಳತೆಯಲ್ಲಿ ತುಂಬಿ.

ಕಡಲತಡಿ: ಕಾರವಾರದ ಉಪ್ಪುಗಾಳಿಗೆ ನನ್ನ ಗಾಡಿಯ ಕೊಳವೆಯೂ ಹೀಗೆಯೇ ಆಗಿರಬಹುದು. ಭಾನುವಾರ ನಾನೂ ಇಳಿಸಿ ನೋಡುತ್ತೇನೆ.